ಅತ್ತೆಯ ಮಂಡಿ ನೋವು, ನಮ್ಮ ಬೀದಿ ಮತ್ತು ಕೊನೆಗೂ ಆರಿಸಿದ ಕ್ಯಾಂಪರ್ ವ್ಯಾನ್

ಮೊದಲೇ ಹೇಳಿಬಿಡುತ್ತೇನೆ. ನಾವು ತಗೊಂಡಿದ್ದು ಫೋರ್ಸ್ ಟ್ರಾವೆಲರ್ ಮೇಲೆ ಕಟ್ಟಿದ ಕ್ಯಾಂಪರ್ ವ್ಯಾನ್ (ಮಲಗಲು, ಅಡುಗೆಗೆ ಒಳಗೇ ಜಾಗ ಇರುವ ಗಾಡಿ), 3350 ವೀಲ್‌ಬೇಸಿನದು, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 3350 ಮಿ.ಮೀ. ಬೆಂಗಳೂರಲ್ಲಿ ಎಲ್ಲರೂ ಟಿಟಿ ಅಂತಾರಲ್ಲ, ಅದೇ ಗಾಡಿ. ನಾವು ನೋಡಿದ ವ್ಯಾನ್‌ಗಳಲ್ಲಿ ಇದೇನೂ ತುಂಬಾ ಚಂದದ್ದಲ್ಲ. ಅದೇ ಕಂಪನಿಯ ಹೊಸ ವ್ಯಾನ್ ಅರ್ಬೇನಿಯಾ ಬಿಟ್ಟು ಇದನ್ನು ಯಾಕೆ ತಗೊಂಡಿರಿ ಅಂತ ಮಗಳು ಇವತ್ತಿಗೂ ಗೊಣಗುತ್ತಾಳೆ. ಕಾರಣ ಎರಡೇ. ಒಂದು ನಮ್ಮ ಬೀದಿ, ಇನ್ನೊಂದು ಅತ್ತೆಯ ಮಂಡಿ ನೋವು. ಗಾಡಿಯ ಉದ್ದವನ್ನು ಬೀದಿ ತೀರ್ಮಾನ ಮಾಡಿತು, ಒಳಗಿನ ಜೋಡಣೆಯನ್ನು ಅತ್ತೆಯ ಮಂಡಿ ತೀರ್ಮಾನ ಮಾಡಿತು. ಉಳಿದದ್ದರಲ್ಲಿ ನಾವು ಸ್ವಲ್ಪ ಆಚೀಚೆ ಮಾಡಿಕೊಂಡೆವು.

ನಾವು ನಾಲ್ಕು ಜನ. ನಾನು, ಇವರು, ಪಿಯುಸಿ ಓದುವ ಮಗಳು, ಎಪ್ಪತ್ತು ದಾಟಿದ ಅತ್ತೆ. ಮನೆ ಬಸವೇಶ್ವರನಗರದಲ್ಲಿ, ಊರು ತೀರ್ಥಹಳ್ಳಿ ಹತ್ತಿರ. ಅತ್ತೆಗೆ ಊರೂರು ತಿರುಗುವ ಆಸೆ ಬಹಳ, ಆದರೆ ದಾರಿಯಲ್ಲಿ ಸಿಗುವ ಟಾಯ್ಲೆಟ್ ನೋಡಿ ನೋಡಿ ಸಾಕಾಗಿ ‘ನಾನು ಬರಲ್ಲಮ್ಮ, ನೀವು ಹೋಗಿ ಬನ್ನಿ’ ಅಂತ ಮನೆಯಲ್ಲೇ ಉಳಿಯುತ್ತಿದ್ದರು. ಕ್ಯಾಂಪರ್ ವ್ಯಾನಿನ ಮಾತು ಶುರುವಾಗಿದ್ದೇ ಅಲ್ಲಿಂದ.

ಸ್ವಂತ ಗಾಡಿ ತಗೊಂಡು ಗ್ಯಾರೇಜಿನಲ್ಲಿ ಮಂಚ, ಸಿಂಕು ಕೂರಿಸಿಕೊಳ್ಳಬಹುದು ಅಂತ ಸುಮಾರು ಜನ ಹೇಳಿದರು. ಖರ್ಚು ಅರ್ಧಕ್ಕೆ ಇಳಿಯುತ್ತದಂತೆ. ನನಗೆ ಅದು ಬೇಡವೇ ಬೇಡ ಅನ್ನಿಸಿತು. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಾಯಿಸಲು ಬಿಡುವುದಿಲ್ಲ. ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಬದಲಾವಣೆ ಮಾಡಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ದಾರಿಯಲ್ಲಿ ಪೊಲೀಸರು ಹಿಡಿದರೆ ಫೈನ್ ಕಟ್ಟಿ ಬರಬಹುದು. ಆದರೆ ಆಕ್ಸಿಡೆಂಟ್ ಆದಾಗ ಇನ್ಶೂರೆನ್ಸ್‌ನವರು ಆರ್‌ಸಿ ಕೈಯಲ್ಲಿ ಹಿಡಿದು ‘ಇದು ಪ್ಯಾಸೆಂಜರ್ ಗಾಡಿ, ಇದರೊಳಗೆ ಗ್ಯಾಸ್ ಸಿಲಿಂಡರ್ ಏನು ಮಾಡುತ್ತಿತ್ತು’ ಅಂದರೆ ನಮ್ಮ ಹತ್ತಿರ ಉತ್ತರ ಇರುವುದಿಲ್ಲ.

ಹಾಗಾಗಿ ಫ್ಯಾಕ್ಟರಿಯಲ್ಲೇ ಕಟ್ಟಿದ, ಪೇಪರ್ ಸರಿ ಇರುವ ವ್ಯಾನೇ ಬೇಕು ಅಂತ ತೀರ್ಮಾನಿಸಿದೆವು. ಮೋಟಾರ್ ಕ್ಯಾರವಾನ್‌ಗಳಿಗೆ, ಅಂದರೆ ಇಂಥ ಗಾಡಿಗಳಿಗೆ, ನಮ್ಮಲ್ಲಿ ಎಐಎಸ್-124 ಅಂತ ಒಂದು ಸ್ಟ್ಯಾಂಡರ್ಡ್ ಇದೆ. ಪುಣೆಯ ಎಆರ್‌ಎಐ ತರಹದ ಸಂಸ್ಥೆಗಳು ಗಾಡಿಯನ್ನು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುತ್ತವೆ. ನಾನು ಎಲ್ಲಿಗೆ ಹೋದರೂ ಸೋಫಾ ಮೇಲೆ ಕೂರುವ ಮೊದಲೇ ಈ ಸರ್ಟಿಫಿಕೇಟಿನ ಕಾಪಿ ಕೇಳುತ್ತಿದ್ದೆ. ಕೆಲವರು ತಕ್ಷಣ ತೋರಿಸಿದರು. ಒಬ್ಬರು ‘ಅದೆಲ್ಲ ನಾವು ನೋಡ್ಕೋತೀವಿ ಮೇಡಂ, ನೀವು ಕಲರ್ ಹೇಳಿ’ ಅಂದರು. ಅಲ್ಲಿ ಕಾಫಿ ಕುಡಿದು ಎದ್ದು ಬಂದೆವು. ಸರ್ಟಿಫಿಕೇಟ್ ಯಾವ ವೀಲ್‌ಬೇಸಿಗೆ, ಎಷ್ಟು ಸೀಟಿಗೆ ಅನ್ನುವುದನ್ನೂ ನೋಡಿ. ಒಂದು ಮಾಡೆಲ್ಲಿನ ಪೇಪರ್ ತೋರಿಸಿ ಇನ್ನೊಂದು ಮಾರುವುದು ಕಷ್ಟದ ಕೆಲಸ ಏನಲ್ಲ.

ಇನ್ನೊಂದು ವಿಷಯ ಬೋರ್ಡಿನದು. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನನ್ನು ನಾನ್-ಟ್ರಾನ್ಸ್‌ಪೋರ್ಟ್ ಅಂತ ರಿಜಿಸ್ಟರ್ ಮಾಡಬಹುದು, ಅಂದರೆ ವೈಟ್ ಬೋರ್ಡ್. ಗಾಡಿ ರಿಜಿಸ್ಟರ್ ಮಾಡುವ ಸರ್ಕಾರದ ವಾಹನ್ ಪೋರ್ಟಲ್ಲಿನಲ್ಲಿ ಕ್ಯಾಂಪರ್ ವ್ಯಾನ್, ಪ್ರೈವೇಟ್ ಯೂಸ್ ಅಂತ ಬೇರೆಯೇ ಕ್ಲಾಸ್ ಇದೆ. ಬಾಡಿಗೆಗೆ ಬಿಡುವುದಾದರೆ ಯೆಲ್ಲೋ ಬೋರ್ಡ್, ಪರ್ಮಿಟ್ಟು, ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್), ಬೇರೆ ರಾಜ್ಯಕ್ಕೆ ಹೋದಾಗ ಟ್ಯಾಕ್ಸು, ಅದೊಂದು ಬೇರೆಯೇ ಸಂಸಾರ. ‘ವಾರಪೂರ್ತಿ ಸುಮ್ನೆ ನಿಂತಿರುತ್ತೆ, ಬಾಡಿಗೆಗೆ ಬಿಡಿ, ಇಎಂಐ ಅದೇ ಕಟ್ಟಿಕೊಳ್ಳುತ್ತೆ’ ಅಂತ ಸಲಹೆ ಕೊಡುವವರು ಬಹಳ. ನಮಗೆ ಬೇಡ ಅನ್ನಿಸಿತು. ರೋಡ್ ಟ್ಯಾಕ್ಸ್ ಎಷ್ಟು ಅಂತ ಮಾರುವವರ ಬಾಯಿಮಾತು ನಂಬಬೇಡಿ, ನಿಮ್ಮ ಆರ್‌ಟಿಒಗೇ ಹೋಗಿ ಕೇಳಿ. ಕೊಟೇಶನ್ನಿನಲ್ಲಿ ಗಾಡಿ ಬೆಲೆ, ಒಳಗಿನ ಕೆಲಸ, ಜಿಎಸ್‌ಟಿ, ಟ್ಯಾಕ್ಸ್, ಇನ್ಶೂರೆನ್ಸ್ ಬೇರೆ ಬೇರೆ ಬರೆಸಿಕೊಂಡಿದ್ದರಿಂದ ನಮಗೆ ಮಾಡೆಲ್ ಮಾಡೆಲ್ ಹೋಲಿಸಲು ಆಯಿತು. ಇನ್ಶೂರೆನ್ಸಿನ ಐಡಿವಿಯಲ್ಲಿ, ಅಂದರೆ ಗಾಡಿಗೆ ಅವರು ಕಟ್ಟುವ ಬೆಲೆಯಲ್ಲಿ, ಒಳಗಿನ ಕೆಲಸದ ಬೆಲೆಯೂ ಸೇರಿರಬೇಕು, ಇಲ್ಲದಿದ್ದರೆ ಬರೀ ಡಬ್ಬಿಗೆ ವಿಮೆ ಮಾಡಿಸಿದ ಹಾಗೆ.

ಈಗ ಗಾಡಿಗಳ ವಿಷಯ. ಒಳಗೆ ಎಷ್ಟೇ ಮರದ ಕೆಲಸ ಮಾಡಿದ್ದರೂ ಕೆಳಗಿರುವ ಗಾಡಿ ಯಾವುದು ಅನ್ನುವುದರಿಂದಲೇ ಅರ್ಧ ತೀರ್ಮಾನ ಆಗುತ್ತದೆ.

ಚಿಕ್ಕದರಿಂದ ಶುರು ಮಾಡಿದೆವು, ಮಾರುತಿ ಈಕೋ ಮೇಲಿನದು. ಉದ್ದ 3,675 ಮಿ.ಮೀ., ಎತ್ತರ 1,825 ಮಿ.ಮೀ. ಯಾವ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೂ ನುಗ್ಗುತ್ತದೆ, ಟ್ರಾಫಿಕ್‌ನಲ್ಲಿ ಕಾರಿನ ಹಾಗೇ ಓಡಿಸಬಹುದು. ಗಂಡ ಹೆಂಡತಿ ಇಬ್ಬರೇ ಆದರೆ, ಟಾಯ್ಲೆಟ್ ಒಳಗೆ ಬೇಡ ಅಂದರೆ, ನಾನು ಕಣ್ಣುಮುಚ್ಚಿ ಇದನ್ನೇ ತಗೊಳ್ಳಿ ಅಂತೀನಿ. ನಾಲ್ಕು ಜನಕ್ಕೆ ಆಗುವುದಿಲ್ಲ, ಒಳಗೆ ನಿಲ್ಲಲೂ ಆಗುವುದಿಲ್ಲ.

ಪಿಕಪ್ ಮೇಲೆ ಕಟ್ಟುವವೂ ಇವೆ. 2022ರಲ್ಲಿ ಮಹೀಂದ್ರಾದವರು ಕ್ಯಾಂಪರ್‌ವ್ಯಾನ್ ಫ್ಯಾಕ್ಟರಿ ಅನ್ನುವ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ಬೊಲೆರೊ ಕ್ಯಾಂಪರ್ ಮೇಲೆ ಇಂಥದ್ದನ್ನು ತರುವುದಾಗಿ ಹೇಳಿದ್ದು ಪೇಪರಿನಲ್ಲಿ ಬಂದಿತ್ತು. ಹಳ್ಳಿ ರಸ್ತೆಗೆ ಗಟ್ಟಿ ಗಾಡಿ, ಯಾವ ಊರಿನಲ್ಲೂ ಮೆಕ್ಯಾನಿಕ್ ಸಿಗುತ್ತಾರೆ. ಬಾಡಿಗೆಗೆ ಸಿಕ್ಕಿದ ಪಿಕಪ್ ಕ್ಯಾಂಪರ್ ಒಂದನ್ನು ಊರಿನ ಕಡೆ ಓಡಿಸಿ ನೋಡಿದೆವು. ಎಂಜಿನ್ ಮೇಲೆ ಹೊರೆ ಗೊತ್ತಾಗುತ್ತಿತ್ತು, ಘಾಟಿಯಲ್ಲಿ ಹಿಂದೆ ಹಾರ್ನ್ ಹೊಡೆಯುವವರ ಸಾಲು. ಅದನ್ನಾದರೂ ಸಹಿಸಬಹುದು. ತಡೆಯಲಾಗದ್ದು ಏನೆಂದರೆ, ಡ್ರೈವರ್ ಕ್ಯಾಬಿನ್ನೇ ಬೇರೆ, ಹಿಂದಿನ ಮನೆಯೇ ಬೇರೆ. ಹಿಂದೆ ಹೋಗಬೇಕಾದರೆ ಕೆಳಗಿಳಿದು, ಸುತ್ತಿ ಬಂದು, ಮತ್ತೆ ಏಣಿ ಹತ್ತಬೇಕು. ಆಗುಂಬೆ ಮಳೆಯಲ್ಲಿ ಅತ್ತೆಯನ್ನು ಹಾಗೆ ಇಳಿಸಿ ಹತ್ತಿಸಲು ಆಗುತ್ತಾ? ಆ ಪಟ್ಟಿ ಅಲ್ಲಿಗೆ ಮುಗಿಯಿತು.

ಟಾಟಾ ವಿಂಗರ್ ನನಗೆ ನಿಜವಾಗಿ ಇಷ್ಟ ಆಗಿತ್ತು. ಮುಂದಿನ ಚಕ್ರಗಳು ಎಳೆಯುವ ಗಾಡಿ ಅದು, ಹಿಂದಕ್ಕೆ ಶಾಫ್ಟ್ ಹೋಗುವುದಿಲ್ಲ, ಆದ್ದರಿಂದ ನೆಲ ತಗ್ಗು. ಅತ್ತೆ ಒಂದೇ ಹೆಜ್ಜೆಗೆ ಹತ್ತಿ ಕೂತು ‘ಇದೇ ಇರಲಿ’ ಅಂದುಬಿಟ್ಟರು. ಚಾಸಿ ಮೇಲೆ ಬಾಡಿ ಕೂರಿಸಿದ್ದಲ್ಲ, ಬಾಡಿಯೇ ಚೌಕಟ್ಟಾಗಿರುವ ಮೊನೊಕಾಕ್, ಹಾಗಾಗಿ ಓಡಿಸಲು ಕಾರಿನ ಹಾಗೆ. ಆದರೆ ನಮ್ಮ ಊರಿನ ಮನೆಗೆ ಹೋಗುವ ಕೊನೆಯ ದಾರಿ ತೋಟದ ಮಣ್ಣು ರಸ್ತೆ, ಏರು ಬೇರೆ. ಏರಿನಲ್ಲಿ ಭಾರ ಹಿಂದಕ್ಕೆ ಜಾರುತ್ತದೆ, ಕ್ಯಾಂಪರ್‌ನಲ್ಲಿ ಮಂಚ, ನೀರು, ಬ್ಯಾಟರಿ ಎಲ್ಲ ಬಹುಪಾಲು ಹಿಂದೆಯೇ ಇರುತ್ತವೆ. ಎಳೆಯುವ ಮುಂದಿನ ಚಕ್ರ ಹಗುರಾಗಿ ಕೆಸರಿನಲ್ಲಿ ಸುಮ್ನೆ ತಿರುಗುತ್ತದೆ. ಡಾಂಬರು ರಸ್ತೆಯಲ್ಲೇ ತಿರುಗುವವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ, ಅವರು ವಿಂಗರ್ ನೋಡದೆ ಬಿಡಬೇಡಿ. ನಮಗೆ ಮಳೆಗಾಲದಲ್ಲಿ ಊರಿಗೆ ಹೋಗದಿದ್ದರೆ ಹಬ್ಬವೇ ಇಲ್ಲ.

ಆಮೇಲೆ ಉಳಿದದ್ದು ಅರ್ಬೇನಿಯಾ ಮತ್ತು ಟ್ರಾವೆಲರ್. ಎರಡೂ ಫೋರ್ಸ್‌ನವರದೇ, ಎರಡರಲ್ಲೂ 2.6 ಲೀಟರಿನ ಡೀಸೆಲ್ ಎಂಜಿನ್, 115 ಎಚ್‌ಪಿ, 350 ಎನ್‌ಎಂ ಟಾರ್ಕ್ (ಎಳೆಯುವ ಬಲ). ಹಿಂದಿನ ಚಕ್ರ ನೂಕುತ್ತದೆ, ಏರು ಹತ್ತಲು ತೊಂದರೆ ಇಲ್ಲ. ಅರ್ಬೇನಿಯಾ ಹೊಸ ಗಾಡಿ, 3350, 3615, 4400 ಅಂತ ಮೂರು ವೀಲ್‌ಬೇಸ್. ಓಡಿಸಿದರೆ ಟಿಟಿ ಮುಂದೆ ಅದು ರಾಜ ಅಂತಲೇ ಹೇಳಬೇಕು, ಅಲುಗಾಟ ಕಮ್ಮಿ, ಬ್ರೇಕ್ ಒಳ್ಳೆಯದು, ಸದ್ದಿಲ್ಲ. ಇಷ್ಟೆಲ್ಲ ಇದ್ದೂ ಯಾಕೆ ಬಿಟ್ಟೆವು ಅಂದರೆ, ನಾವು ನೋಡಿದ್ದು 4400 ವೀಲ್‌ಬೇಸಿನದು, ಅದರ ಉದ್ದ ಸುಮಾರು 7 ಮೀಟರ್. ಅಂದರೆ 23 ಅಡಿ. ನಮ್ಮದು 30-40 ಸೈಟು, ಮುಂಭಾಗ 30 ಅಡಿ, ಅದರಲ್ಲಿ ಗೇಟು ಬೇರೆ ಇದೆ. 23 ಅಡಿ ಗಾಡಿ ನಿಲ್ಲಿಸಿದರೆ ಒಂದೋ ನಮ್ಮ ಕಾರು ಹೊರಗೆ ಬರುವುದಿಲ್ಲ, ಇಲ್ಲ ಪಕ್ಕದ ಮನೆ ಅಂಕಲ್ ಜೊತೆ ದಿನಾ ಜಗಳ. ಅದರ ಚಿಕ್ಕ ವೀಲ್‌ಬೇಸಿನ ಮೇಲೆ ನಮಗೆ ಬೇಕಾದ ಜೋಡಣೆಯನ್ನು ಸರ್ಟಿಫಿಕೇಟ್ ಸಮೇತ ಕೊಡುವವರು ನಮಗೆ ಸಿಗಲಿಲ್ಲ. ಜೊತೆಗೆ ನಾವು ನೋಡಿದ ಆ ವ್ಯಾನ್ ಪ್ಯಾಸೆಂಜರ್ ಮಾಡೆಲ್ ಮೇಲೆ ಕಟ್ಟಿದ್ದು, ಉದ್ದಕ್ಕೂ ದೊಡ್ಡ ದೊಡ್ಡ ಗಾಜು. ಕೂತು ಹೋಗುವವರಿಗೆ ಚಂದ, ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿ ಮಲಗುವವರಿಗೆ ಕಾವಲಿ. ಗಾಜಿನ ಮೇಲೆ ಇನ್ಸುಲೇಶನ್ ಅಂಟಿಸಲು ಆಗುವುದಿಲ್ಲವಲ್ಲ.

ಬಸ್ಸಿನಷ್ಟು ದೊಡ್ಡವೂ ಇವೆ. ಕೇರಳದವರು 2021ರಲ್ಲಿ ಕ್ಯಾರವಾನ್ ಟೂರಿಸಂ ಶುರು ಮಾಡಿದಾಗ ಭಾರತ್‌ಬೆಂಜ್ 1017 ಮೇಲೆ ಕಟ್ಟಿದ್ದನ್ನು ತಂದಿದ್ದರು. ಒಳಗೆ ಹೋಟೆಲ್ ರೂಮೇ. ಆದರೆ ಅದು ಹತ್ತು ಟನ್ನಿನ ಗಾಡಿ. ಎಲ್‌ಎಂವಿ ಲೈಸೆನ್ಸಿನ, ಅಂದರೆ ಕಾರು ಓಡಿಸುವ ಲೈಸೆನ್ಸಿನ, ಮಿತಿ 7,500 ಕೆ.ಜಿ. ಈ ತೂಕದೊಳಗಿನ ಟ್ರಾನ್ಸ್‌ಪೋರ್ಟ್ ಗಾಡಿಯನ್ನೂ ಅದೇ ಲೈಸೆನ್ಸಿನಲ್ಲಿ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಅದರ ಮೇಲಿನದಕ್ಕೆ ಹೆವಿ ಲೈಸೆನ್ಸ್ ಬೇಕೇ ಬೇಕು. ಇಂಥದ್ದನ್ನು ಡ್ರೈವರ್ ಸಮೇತ ಬಾಡಿಗೆಗೆ ತಗೊಂಡು ಖುಷಿಪಡಿ, ಸ್ವಂತಕ್ಕೆ ಯಾಕೆ?

ಉದ್ದದಷ್ಟೇ ಎತ್ತರವನ್ನೂ ನೋಡಬೇಕು. ನಮ್ಮ ವ್ಯಾನ್ ಮೇಲೆ ಎಸಿ, ಸೋಲಾರ್ ಪ್ಲೇಟ್ ಎಲ್ಲ ಸೇರಿ 9 ಅಡಿ ದಾಟುತ್ತದೆ. ಮಾಲ್ ಪಾರ್ಕಿಂಗ್ ಮರೆತುಬಿಡಿ. ಬೆಂಗಳೂರಿನ ಮ್ಯಾಜಿಕ್ ಬಾಕ್ಸ್ ಅನ್ನುವ ಕಾಂಕ್ರೀಟ್ ಡಬ್ಬದ ಅಂಡರ್‌ಪಾಸ್‌ಗಳು, ರೈಲ್ವೆ ಹಳಿ ಕೆಳಗಿನ ಸಣ್ಣ ಅಂಡರ್‌ಪಾಸ್‌ಗಳಲ್ಲಿ ಹೈಟ್ ಬೋರ್ಡ್ ನೋಡದೆ ನುಗ್ಗುವ ಹಾಗಿಲ್ಲ. ಎತ್ತರವನ್ನು ಅಡಿಯಲ್ಲೂ ಮೀಟರಿನಲ್ಲೂ ಬರೆದು ಸ್ಟೀರಿಂಗ್ ಎದುರು ಅಂಟಿಸಿದ್ದೇವೆ. ಬೀದಿ ಮರಗಳ ಕೊಂಬೆಯೂ ಅಷ್ಟೇ, ಸೋಲಾರ್ ಪ್ಲೇಟಿಗೆ ಅದೇ ಮೊದಲ ಶತ್ರು.

ಒಳಗಿನ ಜೋಡಣೆಗೆ ಬರೋಣ. ಒಂದೇ ಗಾಡಿಯಲ್ಲಿ ಮೂರು ನಾಲ್ಕು ಲೇಔಟ್ ತೋರಿಸುತ್ತಾರೆ. ಬ್ರೋಷರ್ ನೋಡಿದರೆ ಎಲ್ಲವೂ ನಾಲ್ಕು ಜನ ಮಲಗುವಂಥವೇ. ನಾನು ಕೇಳಿದ್ದು ಒಂದೇ, ರಾತ್ರಿ ಮಲಗಬೇಕಾದರೆ ಏನೇನು ಮಡಚಬೇಕು, ಏನೇನು ಬಿಚ್ಚಬೇಕು? ಒಂದರಲ್ಲಿ ಟೇಬಲ್ ಇಳಿಸಿ, ಎರಡು ಸೀಟು ಎಳೆದು, ದಿಂಬು ತಿರುಗಿಸಿ ಹಾಕಿದರೆ ಮಂಚ. ಅಲ್ಲಿದ್ದ ಹುಡುಗ ಚಕಚಕ ಮಾಡಿ ತೋರಿಸಿದ. ‘ಈಗ ನಾವು ಮಾಡ್ತೀವಿ ಬಿಡಪ್ಪ’ ಅಂತ ನಾನೇ ಮಾಡಿ ನೋಡಿದೆ. ಬೆನ್ನು ಹಿಡಿಯಿತು. ಜೊತೆಗೆ ಆ ಮಂಚ ಹಾಕಿದ ಮೇಲೆ ಟಾಯ್ಲೆಟ್ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು! ರಾತ್ರಿ ಎರಡು ಸಲ ಏಳುವ ಅತ್ತೆ ನಮ್ಮನ್ನೆಲ್ಲ ದಾಟಿಕೊಂಡು ಹೋಗಬೇಕು. ಮೇಲೆ ಅಟ್ಟದ ಹಾಗೆ ಮಂಚ ಇರುವುದು, ಮೇಲ್ಛಾವಣಿ ಎತ್ತಿ ಟೆಂಟ್ ಆಗುವುದು, ಇವೆಲ್ಲ ಮಕ್ಕಳಿಗೆ ಸರಿ.

ನಾವು ಆರಿಸಿದ್ದರಲ್ಲಿ ಅತ್ತೆಗೆ ಕಾಯಂ ಮಂಚ, ನೆಲದಿಂದ ಕುರ್ಚಿಯಷ್ಟೇ ಎತ್ತರ, ಅಲ್ಲಿಂದ ಟಾಯ್ಲೆಟ್ಟಿಗೆ ಎರಡು ಹೆಜ್ಜೆ, ನಡುವೆ ಹಿಡಿದುಕೊಳ್ಳಲು ಒಂದು ಸ್ಟೀಲ್ ಕಂಬಿ. ಮಗಳು ಮೇಲಿನ ಬರ್ತ್‌ನಲ್ಲಿ. ಮಡಚಿ ಬಿಚ್ಚುವುದು ನಮ್ಮಿಬ್ಬರ ಮಂಚ ಒಂದೇ. ಟಿಟಿಯ ನೆಲ ಎತ್ತರ, ವಿಂಗರ್‌ನ ಸುಖ ಇದರಲ್ಲಿ ಇಲ್ಲ. ಅದಕ್ಕೆ ಹೊರಗೆ ಬರುವ ಮಡಚುವ ಮೆಟ್ಟಿಲು ಹಾಕಿಸಿಕೊಂಡೆವು, ಹಿಡಿಕೆ ಎರಡೂ ಕಡೆ. ಮಂಚ ಅಡ್ಡಡ್ಡ ಹಾಕಿದ ಮಾಡೆಲ್‌ಗಳಲ್ಲಿ ಜಾಗ ಉಳಿಯುತ್ತದೆ, ಆದರೆ ಇನ್ಸುಲೇಶನ್, ಪ್ಲೈವುಡ್ ಎಲ್ಲ ಹೊಡೆದ ಮೇಲೆ ಒಳಗಿನ ಅಗಲ 6 ಅಡಿ ಉಳಿಯುವುದು ಕಷ್ಟ. ಇವರು 5 ಅಡಿ 11 ಇಂಚು. ಮಲಗಿ ನೋಡಿ ಅಂದೆ, ಕಾಲು ಮಡಚಿಕೊಂಡೇ ಮಲಗಿದರು. ಆದ್ದರಿಂದ ಶೋರೂಮಿನವರು ಏನು ಅಂದುಕೊಂಡರೂ ಸರಿ, ಚಪ್ಪಲಿ ಬಿಟ್ಟು ಮಲಗಿ ನೋಡಿ.

ಸೀಟ್ ಬೆಲ್ಟ್ ಲೆಕ್ಕ ಹಾಕಿ. ಮಲಗುವವರು ನಾಲ್ಕು, ಬೆಲ್ಟ್ ಇರುವ ಸೀಟು ಮೂರೇ ಇದ್ದ ಮಾಡೆಲ್ಲನ್ನೂ ನಮಗೆ ತೋರಿಸಿದರು. ಓಡುವ ಗಾಡಿಯಲ್ಲಿ ಮಂಚದ ಮೇಲೆ ಮಲಗುವುದು ಬೇಡವೇ ಬೇಡ. ರಾತ್ರಿಯೆಲ್ಲ ಓಡಿಸಿ ಬೆಳಗ್ಗೆ ಊಟಿ ಮುಟ್ಟುವ ಆಸೆ ಇದ್ದರೂ ಬಂಡೀಪುರದ ಹೈವೇ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಮುಚ್ಚಿರುತ್ತದೆ.

ಟಾಯ್ಲೆಟ್ ಬಗ್ಗೆ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ, ಅದಕ್ಕೇ ನಾನು ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಮೂರು ತರಹ ನೋಡಿದೆವು. ಒಂದು, ಗಾಡಿ ಕೆಳಗೆ ದೊಡ್ಡ ಟ್ಯಾಂಕ್. ಯೂರೋಪಿನಲ್ಲಿ ಅದನ್ನು ಖಾಲಿ ಮಾಡಲು ಜಾಗಗಳಿವೆಯಂತೆ, ನಮ್ಮ ಹೈವೇಗಳಲ್ಲಿ ಹುಡುಕುತ್ತಾ ಕೂರಬೇಕು. ಎರಡು, ಬಯೋ ಟಾಯ್ಲೆಟ್, ರೈಲಿನಲ್ಲಿ ಇರುವಂಥದ್ದು. ಬ್ಯಾಕ್ಟೀರಿಯಾ ಕೊಳೆಸುತ್ತದೆ, ಆದರೆ ಅದಕ್ಕೆ ಸಮಯ ಬೇಕು, ಅಭ್ಯಾಸಬಲದಿಂದ ಯಾರಾದರೂ ಫಿನಾಯಿಲ್ ಸುರಿದರೆ ಬ್ಯಾಕ್ಟೀರಿಯಾ ಸತ್ತೇಹೋಗುತ್ತದೆ. ನಮ್ಮ ಮನೆಯಲ್ಲಿ ಅತ್ತೆ ಫಿನಾಯಿಲ್ ಸುರಿಯದೆ ಇರುವುದುಂಟೇ! ಮೂರನೆಯದು ಕ್ಯಾಸೆಟ್ ಟಾಯ್ಲೆಟ್. 20 ಲೀಟರಿನೊಳಗಿನ ಡಬ್ಬ, ಹೊರಗಿನ ಚಿಕ್ಕ ಬಾಗಿಲಿನಿಂದ ಎಳೆದು, ಸೂಟ್‌ಕೇಸಿನ ಹಾಗೆ ಚಕ್ರದ ಮೇಲೆ ತಳ್ಳಿಕೊಂಡು ಹೋಗಿ ಯಾವ ಟಾಯ್ಲೆಟ್ಟಿಗಾದರೂ ಸುರಿಯಬಹುದು. ಮೋರಿಗೆ, ಕೆರೆಗೆ ದಯವಿಟ್ಟು ಬೇಡ. ನಾಲ್ಕು ಜನ ಬಳಸಿದರೆ ದಿನಾ ಖಾಲಿ ಮಾಡಬೇಕಾಗುತ್ತದೆ, ಅದು ನಮ್ಮಲ್ಲಿ ಇವರ ಡ್ಯೂಟಿ. ನಾವು ತಗೊಂಡಿದ್ದು ಇದೇ. ನೀರು ಬೇಕೇ ಬೇಕು ಅನ್ನುವ ನಮ್ಮಂಥವರಿಗೆ ಡಬ್ಬ ಬೇಗ ತುಂಬುತ್ತದೆ ಅನ್ನುವುದು ಗೊತ್ತಿರಲಿ.

ಕರೆಂಟಿನ ಲೆಕ್ಕವನ್ನು ಬೆಸ್ಕಾಂ ಬಿಲ್ಲಿನ ಹಾಗೆ ಯೂನಿಟ್‌ನಲ್ಲಿ ಹಾಕಿದರೆ ಮಾರುವವರ ಮಾತು ತಕ್ಷಣ ಅರ್ಥವಾಗುತ್ತದೆ. 12 ವೋಲ್ಟ್, 200 ಎಎಚ್ (ಆಂಪಿಯರ್ ಅವರ್, ಬ್ಯಾಟರಿಯ ಅಳತೆ) ಲಿಥಿಯಂ ಬ್ಯಾಟರಿಯಲ್ಲಿ ಇರುವುದು ಎರಡೂವರೆ ಯೂನಿಟ್. ಎಸಿ ಗಂಟೆಗೆ ಹತ್ತಿರ ಹತ್ತಿರ ಒಂದು ಯೂನಿಟ್ ಕುಡಿಯುತ್ತದೆ. ಅಂದರೆ ಎರಡು ಎರಡೂವರೆ ಗಂಟೆ, ಆಮೇಲೆ ಕತ್ತಲೆ. ‘ರಾತ್ರಿಪೂರ್ತಿ ಎಸಿ ಓಡುತ್ತೆ ಮೇಡಂ’ ಅಂದವರಿಗೆ ಬ್ಯಾಟರಿ ಎಷ್ಟು ಎಎಚ್ ಅಂತ ಕೇಳಿ, ಅಷ್ಟೇ ಸಾಕು. ಮೇಲಿನ 400 ವ್ಯಾಟ್ ಸೋಲಾರ್ ಒಳ್ಳೆ ಬಿಸಿಲಿನ ದಿನ ಒಂದೂವರೆ ಯೂನಿಟ್ ಆಸುಪಾಸು ಕೊಡುತ್ತದೆ, ಮಲೆನಾಡಿನ ಜುಲೈನಲ್ಲಿ ಅದನ್ನು ನಂಬಿ ಕೂರಬೇಡಿ. ಎಂಜಿನ್ ತಿರುಗಿಸುವ ಆಲ್ಟರ್ನೇಟರ್‌ನಿಂದ ಗಾಡಿ ಓಡುವಾಗಲೂ ಚಾರ್ಜ್ ಆಗುವ ವ್ಯವಸ್ಥೆ ಇದೆಯಾ ಕೇಳಿ, ಅದು ಸೋಲಾರ್‌ಗಿಂತ ಮುಖ್ಯ. ನಾವು ಎಸಿಯನ್ನು ಹೊರಗಿನ ಪ್ಲಗ್ ಸಿಕ್ಕಾಗ ಮಾತ್ರ ಹಾಕುತ್ತೇವೆ. ಫ್ರಿಜ್ಜು, ಫ್ಯಾನು, ಲೈಟು, ನೀರಿನ ಪಂಪು, ಇಷ್ಟಕ್ಕೆ ಬ್ಯಾಟರಿ ಧಾರಾಳ. ಏಪ್ರಿಲ್‌ನಲ್ಲಿ ಹಂಪಿಗೆ ಹೋಗುವುದಿಲ್ಲ, ಡಿಸೆಂಬರ್‌ನಲ್ಲಿ ಹೋಗುತ್ತೇವೆ.

ಅಡುಗೆಗೆ ಇಂಡಕ್ಷನ್ ಮತ್ತು ಗ್ಯಾಸ್ ಎರಡೂ ಇದೆ. 1,500 ವ್ಯಾಟ್ ಇಂಡಕ್ಷನ್ನಿನಲ್ಲಿ ಇಪ್ಪತ್ತು ನಿಮಿಷಕ್ಕೆ ಅರ್ಧ ಯೂನಿಟ್ ಹೋಗುತ್ತದೆ, ಉಪ್ಪಿಟ್ಟು ಕಾಫಿಗೆ ಸರಿ. ಗ್ಯಾಸ್ 5 ಕೆ.ಜಿ.ಯ ಚಿಕ್ಕ ಸಿಲಿಂಡರ್. ಅದನ್ನು ಇಡುವ ಗೂಡಿನ ತಳದಲ್ಲಿ ಹೊರಕ್ಕೆ ತೆರೆದ ರಂಧ್ರ ಇರಲೇಬೇಕು, ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ನಿಲ್ಲುತ್ತದೆ. ಒಬ್ಬರ ಮಾಡೆಲ್ಲಿನಲ್ಲಿ ರಂಧ್ರ ಮೇಲೆ ಇತ್ತು. ಅಂಥ ಕಡೆ ಉಳಿದದ್ದನ್ನು ನೋಡುವ ಅಗತ್ಯವೂ ಇಲ್ಲ. ಇನ್ನು ಒಗ್ಗರಣೆ ಘಾಟು ಹಾಸಿಗೆಯಲ್ಲೇ ಕೂರುತ್ತದೆ, ಹಾಗಾಗಿ ನಾನು ಒಲೆಯನ್ನು ಹೊರಗೆ ಎಳೆದಿಟ್ಟು ಅಡುಗೆ ಮಾಡುವ ಮಾಡೆಲ್ಲೇ ಕೇಳಿ ತಗೊಂಡೆ.

ನೀರು ಲೀಟರಿಗೆ ಒಂದು ಕೆ.ಜಿ. ಅನ್ನುವುದು ಟೆಸ್ಟ್ ಡ್ರೈವ್‌ನಲ್ಲಿ ಗೊತ್ತಾಗುತ್ತದೆ. ಶೋರೂಮಿನವರು ಖಾಲಿ ಟ್ಯಾಂಕ್ ಗಾಡಿ ಕೊಡುತ್ತಾರೆ. 120 ಲೀಟರ್ ತುಂಬಿಸಿ, ನಾಲ್ಕು ಜನ ಕೂತು, ಲಗೇಜ್ ಹಾಕಿ ಓಡಿಸಲು ಕೇಳಿದೆವು. ಮುಖ ಸಣ್ಣದು ಮಾಡಿದರೂ ಕೊಟ್ಟರು. ಒಂದು ಗಾಡಿಯಲ್ಲಿ ಟ್ಯಾಂಕು ಹಿಂದಿನ ಆಕ್ಸಲ್‌ಗಿಂತ ಹಿಂದೆ ಇತ್ತು, ಹಂಪ್ ಮೇಲೆ ಬಾಲ ಅಲ್ಲಾಡಿಸಿದ ಹಾಗೆ ಆಗುತ್ತಿತ್ತು. ಇನ್ನೊಂದು ಮಾತು, ಬೆಂಗಳೂರಿನ ಬೋರ್‌ವೆಲ್ ನೀರು ತುಂಬಿಸಿದರೆ ಚಿಕ್ಕ ಗೀಸರಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ. ನಾವು ಕಾವೇರಿ ನೀರು ಬರುವ ದಿನವೇ ತುಂಬಿಸಿಟ್ಟುಕೊಳ್ಳುತ್ತೇವೆ.

ಡೆಲಿವರಿ ದಿನ ಪೂಜೆ, ನಿಂಬೆಹಣ್ಣು ಎಲ್ಲ ಆಮೇಲೆ ಅಂತ ಹೇಳಿ ಮೊದಲು ಪ್ರೆಷರ್ ಪೈಪಿನಲ್ಲಿ ಮೇಲಿನಿಂದ ನೀರು ಬಿಡಿಸಿದೆ. ಸ್ಕೈಲೈಟ್, ಎಸಿ ಕೂರಿಸಿದ ಜಾಗ, ಸೋಲಾರ್ ವೈರ್ ಇಳಿಯುವ ಜಾಗ, ಸೋರುವುದಿದ್ದರೆ ಅಲ್ಲೇ. ಒಂದು ಕಡೆ ಒದ್ದೆಯಾಯಿತು, ಅಲ್ಲೇ ಸೀಲ್ ಮಾಡಿಸಿ ಮತ್ತೆ ನೀರು ಬಿಡಿಸಿದೆವು. ಕಪಾಟುಗಳಿಗೆ ತಳ್ಳಿ ಮುಚ್ಚುವ ಲಾಕ್ ಇದೆಯಾ, ಪ್ಲೈವುಡ್ ನೀರಿಗೆ ತಡೆಯುವಂಥದ್ದಾ, ಫ್ಯೂಸ್ ಡಬ್ಬದಲ್ಲಿ ಯಾವ ಫ್ಯೂಸ್ ಯಾವುದಕ್ಕೆ ಅಂತ ಬರೆದಿದೆಯಾ ನೋಡಿದೆವು. ಬರೆದಿರಲಿಲ್ಲ, ಕೂತು ಬರೆಸಿದೆ. ಎಂಜಿನ್ ಕೆಟ್ಟರೆ ಫೋರ್ಸ್ ಸರ್ವಿಸ್ ಸೆಂಟರಿಗೆ ಹೋಗಬಹುದು, ಆದರೆ ಫ್ರಿಜ್ಜು, ಇನ್ವರ್ಟರ್, ಪಂಪು ಕೆಟ್ಟರೆ ಅವರು ಕೈ ಹಾಕುವುದಿಲ್ಲ. ಅವುಗಳ ವಾರಂಟಿ ಕಾರ್ಡು, ಬಿಲ್ಲು ಒಂದೊಂದನ್ನೂ ನಮ್ಮ ಹೆಸರಿಗೆ ಬರೆಸಿ ಕೈಗೆ ಬಂದ ಮೇಲೆಯೇ ಕೊನೆಯ ಕಂತಿನ ಚೆಕ್ ಕೊಟ್ಟೆ.